ಮುಗಿಲಪ್ಪನವರ ಅಂಡಮಾನ್ ಆಕಾಶ

ನಾನಿಲ್ಲಿ ಮುಗಿಲಪ್ಪ ಎಂದು ಕರೆಯುತ್ತಿರುವ ಮನುಷ್ಯ ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸಿಗುತ್ತಾರೆ. ಉಳಿದ ದಿನ ಅವರ ಹೆಸರು ಬೇರೆ ಏನೇ ಇರಲಿ, ಅಂಡಮಾನಿಗೆ ಟಿಕೆಟ್ ಬುಕ್ ಆದ ಗಳಿಗೆಯಿಂದ ಇದೇ ಒಪ್ಪುವ ಹೆಸರು. ಬೆಳಿಗ್ಗೆ ಎದ್ದು ಕಾಫಿಗೂ ಮುಂಚೆ ಫೋನಿನಲ್ಲಿ ಮೂರು ಹವಾಮಾನ ಆ್ಯಪ್ ತೆರೆಯುತ್ತಾರೆ. ಒಂದರಲ್ಲಿ ಸೂರ್ಯ ನಗುತ್ತಿರುತ್ತಾನೆ, ಇನ್ನೊಂದರಲ್ಲಿ ಮೋಡದ ಹೊಟ್ಟೆಯಿಂದ ಸಿಡಿಲು ಇಳಿಯುತ್ತಿರುತ್ತದೆ, ಮೂರನೆಯದು ಯಾರ ಪಕ್ಷವನ್ನೂ ವಹಿಸದೆ ಶೇ. 60 ಎನ್ನುತ್ತದೆ. ಮೂರರಲ್ಲಿ ಯಾವುದು ಕೆಟ್ಟ ಸುದ್ದಿ ಹೇಳುತ್ತದೋ ಅದನ್ನು ನಂಬುವುದು ಮುಗಿಲಪ್ಪನವರ ಪದ್ಧತಿ. ಆ ಸಿಡಿಲಿನ ಚಿತ್ರವನ್ನು ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುತ್ತಾರೆ. ಹೋದ ವರ್ಷ ಅಂಡಮಾನ್ ನೋಡಿಬಂದ ಭಾವಮೈದ ಹೆಬ್ಬೆರಳೆತ್ತಿ ಉತ್ತರಿಸಿದರೆ, ಅದಕ್ಕೆ ಏನರ್ಥ ಎಂದು ಅರ್ಧ ದಿನ ಯೋಚಿಸುತ್ತಾರೆ. ಹೋಟೆಲಿಗೆ ಫೋನ್ ಮಾಡಿ ‘ಈಗ ಮಳೆ ಇದೆಯಾ?’ ಎಂದು ಕೇಳುತ್ತಾರೆ. ಪ್ರವಾಸಕ್ಕೆ ಇನ್ನೂ ಹದಿನೈದು ದಿನ ಇರುತ್ತದೆ. ‘ಅಲ್ಲಿ ಮಳೆ ಬಂದ್ರೆ ಇಲ್ಲಿಂದ ಕೊಡೆ ಹಿಡೀತೀರೇನ್ರೀ? ಇಡ್ಲಿ ಆರ್ತಿದೆ’ ಎಂದು ಮನೆಯಾಕೆ ಹೇಳಿದ್ದು ಅವರ ಕಿವಿಗೆ ಬೀಳುವುದಿಲ್ಲ.

ಇವರನ್ನು ನೋಡಿ ನಗುವವರು ಸಾಮಾನ್ಯವಾಗಿ ‘ಎಷ್ಟು ಹೆದರ್ತಾರಪ್ಪ’ ಎನ್ನುತ್ತಾರೆ. ನನ್ನ ತಕರಾರು ಅದಲ್ಲ. ಹೆದರಬೇಕಾದ ಸಮಯ ಒಂದಿತ್ತು, ಆಗ ಅವರು ಹೆದರಲಿಲ್ಲ ಎಂಬುದೇ ನನ್ನ ತಕರಾರು. ಟಿಕೆಟ್ ತೆಗೆದ ರಾತ್ರಿಯನ್ನು ಊಹಿಸಿಕೊಳ್ಳಿ. ನಾಲ್ಕು ವಿಮಾನಗಳ ದರ ತಾಳೆ ನೋಡಿದ್ದಾರೆ, ಬೆಳಗಿನ ತಿಂಡಿ ಕೋಣೆಯ ಬಾಡಿಗೆಯಲ್ಲೇ ಸೇರಿದೆಯೇ ಎಂದು ಖಾತ್ರಿ ಮಾಡಿಕೊಂಡಿದ್ದಾರೆ, ಕೋಣೆಯಿಂದ ಕಡಲಿಗೆ ಎಷ್ಟು ಹೆಜ್ಜೆ ಎಂದೂ ವಿಚಾರಿಸಿದ್ದಾರೆ. ಮೇ ಕೊನೆಯ ವಾರಕ್ಕೆ ಮಾತ್ರ ದರ ಅಷ್ಟೊಂದು ಇಳಿದಿರುವುದೇಕೆ ಎಂದು ಕೇಳಿಲ್ಲ. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1 ಎಂಬುದು ಪತ್ರಿಕೆ ಓದುವ ಎಲ್ಲರಿಗೂ ಬಾಯಿಪಾಠ. ಅದಕ್ಕೂ ಸುಮಾರು ಹತ್ತು ದಿನ ಮೊದಲೇ ಅದು ಅಂಡಮಾನ್ ಸಮುದ್ರದಲ್ಲಿ ಹಾಜರಿ ಹಾಕಿರುತ್ತದೆ. ಅಂದರೆ ನಮ್ಮ ದೇಶದಲ್ಲಿ ಮುಂಗಾರಿನ ಮೊದಲ ನಿಲ್ದಾಣಕ್ಕೆ, ಅದು ಬಂದಿಳಿಯುವ ವಾರದಲ್ಲೇ, ಬಿಸಿಲು ಕಾಯಿಸಿಕೊಳ್ಳಲು ಮುಗಿಲಪ್ಪನವರು ಹೊರಟಿದ್ದಾರೆ. ತಿಂಗಳನ್ನು ಕಣ್ಣುಮುಚ್ಚಿ ಆರಿಸಿ, ಈಗ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಏನಾದೀತು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಾರೆ.

ಉಷ್ಣವಲಯದ ಆಕಾಶದ ಸ್ವಭಾವ ಇದಕ್ಕೆ ಸರಿಯಾಗಿ ತಿರುಗುಮುರುಗು. ಅಲ್ಲಿ ಋತುವಿನ ಬಗ್ಗೆ ಧೈರ್ಯವಾಗಿ ಮಾತಾಡಬಹುದು, ಗಂಟೆಯ ಬಗ್ಗೆ ಆಗದು. ಯುರೋಪಿನಂಥ ಕಡೆ ಮಳೆ ಬಹುಪಾಲು ನೂರಾರು ಕಿ.ಮೀ. ಉದ್ದದ ಮೋಡದ ಸಾಲಾಗಿ ಪಶ್ಚಿಮದಿಂದ ಸಾಗಿ ಬರುತ್ತದೆ. ಇವತ್ತು ಎಲ್ಲಿದೆ ಎಂದು ಕಂಡರೆ ನಾಳೆ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಬಹುದು. ಸಮಭಾಜಕದ ಹತ್ತಿರ ಹಾಗಲ್ಲ. ಬಿಸಿಲಿಗೆ ನೆಲ ಕಾದು, ತೇವದ ಗಾಳಿ ಮೇಲೆದ್ದು, ಕೆಲವೇ ಕಿ.ಮೀ. ಅಗಲದ ಮೋಡವೊಂದು ಒಂದು ಗಂಟೆಯೊಳಗೆ ಹುಟ್ಟಿ, ಅರ್ಧ ಗಂಟೆ ಸುರಿದು ಕರಗಿಹೋಗಬಹುದು. ಬೀಚಿನ ಈ ತುದಿಯವರು ತೊಯ್ದು ತೊಪ್ಪೆಯಾದಾಗ ಆ ತುದಿಯವರು ಎಳನೀರು ಕುಡಿಯುತ್ತಿರುತ್ತಾರೆ. ನಮ್ಮ ಹವಾಮಾನ ಇಲಾಖೆ 2025ರ ಮೇ ತಿಂಗಳಲ್ಲಿ ಬಳಕೆಗೆ ತಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಭೂಮಿಯನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತದೆ, ಹಿಂದಿನದು 12 ಕಿ.ಮೀ. ಚೌಕಗಳದ್ದು. ದೊಡ್ಡ ಸುಧಾರಣೆಯೇ. ಆದರೂ ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪ, 20 ಕಿ.ಮೀ. ಉದ್ದವೂ ಇಲ್ಲ, ಇಡೀ ದ್ವೀಪ ಕೆಲವೇ ಚೌಕಗಳಲ್ಲಿ ಮುಗಿದುಹೋಗುತ್ತದೆ. ಸುಮಾರು ಎರಡು ವಾರದಾಚೆಗೆ ದಿನದಿನದ ಹವೆಯನ್ನು ಹೇಳುವುದು ಆಗದ ಮಾತು ಎಂಬ ನಿಲುವಿಗೆ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 1960ರ ದಶಕದಲ್ಲೇ ಬಂದಿದ್ದರು. ಹದಿನೈದನೆಯ ದಿನದ ಸಿಡಿಲಿನ ಚಿತ್ರ ಹೆಚ್ಚೆಂದರೆ ‘ಇದು ಮೇ ತಿಂಗಳು ಸ್ವಾಮಿ’ ಎಂದು ಹೇಳುತ್ತಿದೆ. ಶೇ. 60ರ ಕಥೆಯೂ ಅಷ್ಟೆ. ಮಳೆ ಬರುವ ಸಾಧ್ಯತೆ ಎಷ್ಟು ಎಂಬುದಷ್ಟೇ ಅದರಲ್ಲಿದೆ. ಎಷ್ಟು ಹೊತ್ತು, ಎಷ್ಟು ಜೋರು ಎಂಬುದಿಲ್ಲ. ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಬಿದ್ದರೆ ಅದು ಮಳೆಯ ದಿನ. ಅಷ್ಟು ಮಳೆ ಹತ್ತು ನಿಮಿಷದಲ್ಲಿ ಸುರಿದು ಮುಗಿದು, ಉಳಿದ ದಿನವೆಲ್ಲ ಬಿಸಿಲು ಬೆನ್ನು ಸುಡಬಹುದು. ಮುಗಿಲಪ್ಪನವರು ಮಾತ್ರ ಶೇ. 60 ಎಂದರೆ ಹಗಲಿನಲ್ಲಿ ಶೇ. 60 ಭಾಗ ಮಳೆ ಎಂದು ಗುಣಿಸಿ, ಬಾಕಿ ಶೇ. 40ರಲ್ಲಿ ಸ್ನಾರ್ಕಲಿಂಗ್ ಮುಗಿಸುವ ಯೋಜನೆ ಹಾಕುತ್ತಾರೆ.

ಸೋಜಿಗವೆಂದರೆ ಇದೆಲ್ಲ ಅವರಿಗೆ ಹೊಸದಾಗಬೇಕಿರಲಿಲ್ಲ. ಅವರ ಅಜ್ಜ ಮಳೆಯನ್ನು ನಕ್ಷತ್ರಗಳಲ್ಲಿ ಎಣಿಸಿದವರು. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಆ ಮಳೆ ಹೇಗೆ ನಡೆಯುತ್ತದೆ ಎಂದು ಪಂಚಾಂಗ ಹೇಳಿದ್ದು ಎಷ್ಟೋ ಸಲ ತಪ್ಪಿದ್ದೀತು, ಆದರೆ ಆರಿದ್ರಾ ಮಳೆ ಮಂಗಳವಾರ ಮೂರು ಗಂಟೆಗೆ ಎಂಬ ದುಸ್ಸಾಹಸವನ್ನು ಅದು ಮಾಡಲಿಲ್ಲ. ಇನ್ನು ಮುಗಿಲಪ್ಪನವರು ಮಂಗಳೂರಿನ ಕಡೆಯವರಾಗಿದ್ದರಂತೂ ಕೇಳುವುದೇ ಬೇಡ. ಪೋರ್ಟ್‌ಬ್ಲೇರಿಗೆ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಮಂಗಳೂರಿಗೆ ಅದಕ್ಕಿಂತ ಹೆಚ್ಚು. ಆ ಮಳೆಯಲ್ಲಿ ಶಾಲೆಗೆ ನಡೆದವರು, ಅದರಲ್ಲೇ ಮದುವೆ ಮುಂಜಿ ಮುಗಿಸಿದವರು, ಜೋರು ಮಳೆ ನೋಡಲೆಂದೇ ಜುಲೈಯಲ್ಲಿ ಆಗುಂಬೆಗೆ ಕಾರು ಓಡಿಸುವವರು. ಅದೇ ನೀರು ವಿಮಾನದ ಟಿಕೆಟ್ ಕೊಂಡ ಊರಿನಲ್ಲಿ ಬಿದ್ದರೆ ಅವರಿಗೆ ಮೋಸ ಹೋದಂತೆ ಅನಿಸುತ್ತದೆ.

ದುಡ್ಡು ಕೊಟ್ಟವರಿಗೆ ಹಾಗನಿಸದೆ ಇನ್ನೇನು ಎಂದು ನೀವು ಕೇಳಬಹುದು. ಮಕ್ಕಳ ಪರೀಕ್ಷೆ, ಆಫೀಸಿನ ರಜೆ, ಸಾಲದ ಕಂತು ಇವುಗಳ ಸಂದಿಯಲ್ಲಿ ಸಿಕ್ಕಿದ ಐದು ದಿನ ಅದು. ಅಂಡಮಾನ್ ಒಣಗಿರುವುದು ಜನವರಿಯಿಂದ ಮಾರ್ಚ್‌ವರೆಗೆ, ಆಗ ಮಕ್ಕಳಿಗೆ ಪರೀಕ್ಷೆಯ ಜ್ವರ. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮೇ ತಿಂಗಳಲ್ಲೇ ಹೋಗಬೇಕಾದವರು ಮೇ ತಿಂಗಳಲ್ಲೇ ಹೋಗಬೇಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. 2016ರ ಡಿಸೆಂಬರಿನಲ್ಲಿ, ಪ್ರವಾಸದ ಭರ್ತಿ ಸೀಸನ್ನಿನಲ್ಲೇ, ವಾಯುಭಾರ ಕುಸಿತದಿಂದ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ನೌಕಾಪಡೆ, ಕೋಸ್ಟ್ ಗಾರ್ಡ್ ಹಡಗುಗಳು ಹೋಗಿ ಕರೆತಂದವು. ಅದೇ ಕುಸಿತ ವರ್ಧಾ ಚಂಡಮಾರುತವಾಗಿ ಡಿಸೆಂಬರ್ 12ರಂದು ಚೆನ್ನೈಗೆ ಬಡಿಯಿತು. ಹಾಗಾದರೆ ಮುಗಿಲಪ್ಪನವರ ಭಯ ನ್ಯಾಯವಲ್ಲವೇ? ನ್ಯಾಯವೇ, ಆದರೆ ಅದಕ್ಕೂ ಉತ್ತರ ತಿಂಗಳಿನಲ್ಲೇ ಇದೆ. ಬಂಗಾಳ ಕೊಲ್ಲಿಗೆ ಚಂಡಮಾರುತದ ಕಾಲ ಎರಡು: ಮುಂಗಾರಿಗೆ ಮುಂಚಿನದು, ಮತ್ತು ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನದು. ಜೊತೆಗೆ, ಸಂಜೆಯ ಗುಡುಗುಮಳೆಯ ಹಾಗೆ ಚಂಡಮಾರುತ ಹೇಳದೆ ಕೇಳದೆ ಬಂದುಬಿಡುವುದಿಲ್ಲ. ಸಾಮಾನ್ಯವಾಗಿ ಇಲಾಖೆ 72 ಗಂಟೆ ಮೊದಲೇ ಎಚ್ಚರಿಸಲು ಶುರುಮಾಡಿ, 48 ಗಂಟೆಗೆ, 24 ಗಂಟೆಗೆ ದನಿ ಏರಿಸುತ್ತದೆ. ಹದಿನೈದು ದಿನದ ಚಿಂತೆಯಲ್ಲಿ ಕೊನೆಯ ಮೂರು ದಿನದ್ದಕ್ಕೆ ಮಾತ್ರ ಬೆಲೆಯಿದೆ. ಅದಕ್ಕಿಂತ ಬೆಲೆಯುಳ್ಳದ್ದು ವಾಪಸು ವಿಮಾನದ ಹಿಂದಿನ ರಾತ್ರಿಯನ್ನು ದ್ವೀಪದಲ್ಲಿ ಕಳೆಯದೆ ಪೋರ್ಟ್‌ಬ್ಲೇರಿಗೆ ಬಂದು ಕಳೆಯುವುದು.

ಆದರೆ ಆ ಎಚ್ಚರಿಕೆ ಬರುವುದು ಬರಿಯ ಗದ್ಯದಲ್ಲಿ: ಗಾಳಿಯ ವೇಗ ಇಷ್ಟು, ಅಲೆಯ ಎತ್ತರ ಇಷ್ಟು, ಮೀನುಗಾರರು ಕಡಲಿಗೆ ಇಳಿಯಬಾರದು. ಸೂರ್ಯನ ಮುಖವಿಲ್ಲ, ಬಣ್ಣದ ಸಿಡಿಲಿಲ್ಲ. ತಾನು ಮೀನುಗಾರನಲ್ಲ ಎಂಬ ಧೈರ್ಯದ ಮೇಲೆ ಮುಗಿಲಪ್ಪನವರು ಅದನ್ನು ದಾಟಿ ಮುಂದೆ ಹೋಗುತ್ತಾರೆ. ದೂರದ ಕೊಲ್ಲಿಯಲ್ಲೆಲ್ಲೋ ಎದ್ದ ಅಲೆಗಳು ನೂರಾರು ಕಿ.ಮೀ. ಉರುಳಿ ಬಂದು, ತಲೆಯ ಮೇಲೆ ತುಂಡು ಮೋಡವೂ ಇಲ್ಲದ ಬೆಳಿಗ್ಗೆ ಫೆರ್ರಿ ರದ್ದಾಗುವುದುಂಟು. ಆಗ ಜೆಟ್ಟಿಯ ಕೌಂಟರಿನ ಕಿಂಡಿಯಲ್ಲಿ ಕೈ ತೂರಿಸಿ, ತಿಂಗಳಿಡೀ ಒಮ್ಮೆಯೂ ನಂಬದಿದ್ದ ಆ ನಗುವ ಸೂರ್ಯನನ್ನು ಫೋನಿನಲ್ಲಿ ತೋರಿಸುತ್ತ, ‘ನೋಡಿ ಸ್ವಾಮಿ, ಇದರಲ್ಲೇ ಹಾಕಿದ್ದಾರಲ್ಲ, ಇವತ್ತು ಚೆನ್ನಾಗಿದೆ ಅಂತ!’ ಎಂದು ವಾದಿಸುತ್ತಿರುವವರು ಮುಗಿಲಪ್ಪನವರೇ.