ಸೇತುವೆಯ ತನಕದ ಸರದಾರ

ಮಾಕುಟ್ಟದ ಘಾಟಿಯಲ್ಲಿ ಜೀಪಣ್ಣ ಇಳಿದು ಬರುತ್ತಿರುವುದು ಮೊದಲು ಗೊತ್ತಾಗುವುದು ಮಂಗಗಳಿಗೆ. ಆಮೇಲೆ ಚೆಕ್‌ಪೋಸ್ಟಿನವರಿಗೆ. ಚಹಾದಂಗಡಿಯ ಬೆಂಚಿನ ಮೇಲೆ ಕೂತ ನಮಗೆ ಸದ್ದು ಮುಟ್ಟುವ ಹೊತ್ತಿಗೆ ಅಂಗಡಿಯವನು ಒಂದು ಕಟ್ಟನ್ ಚಾಯಕ್ಕೆ ನೀರಿಟ್ಟಾಗಿರುತ್ತದೆ. ಸದ್ದು ಕೇಳಿ ಎಷ್ಟು ಹೊತ್ತಾದರೂ ಜೀಪು ಕಾಣಿಸದಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ದಾರಿಯಲ್ಲಿ ಪ್ರವಾಸಿಗರು ಯಾರೋ ಫೋಟೋ ಕೇಳಿರಬೇಕು, ಇಲ್ಲವೇ ಬಾನೆಟ್ ಎತ್ತಿ ನಿಂತಿರಬೇಕು. ಅವನಿಗೆ ಎರಡೂ ಸಮಾನ ಸಂತೋಷದ ಸಂಗತಿಗಳು.

ಹೆಸರು ಹೇಳುವ ಅಗತ್ಯವಿಲ್ಲ. ಕೊಡಗಿನ ಯಾವ ಊರಿಗೆ ಹೋದರೂ ಒಬ್ಬ ಜೀಪಣ್ಣ ಇದ್ದೇ ಇರುತ್ತಾನೆ. ನಮ್ಮವನು ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಜೀಪಿನ ಗೌರವಾರ್ಥ ಊರಿಗೆಲ್ಲ ಅಣ್ಣ. ವಿರಾಜಪೇಟೆಯಿಂದ ಸ್ವಲ್ಪ ಒಳಗೆ ಒಂದಿಷ್ಟು ಕಾಫಿ ತೋಟ, ಅದರ ನಡುವೆ ಮನೆ, ಸೈರಣೆಯುಳ್ಳ ಹೆಂಡತಿ, ಇಬ್ಬರು ಮಕ್ಕಳು, ಒಂದು ಆಲ್ಟೊ ಕಾರು. ಮಕ್ಕಳನ್ನು ಶಾಲೆಗೆ ಬಿಡುವುದು, ಅತ್ತೆಯನ್ನು ಡಾಕ್ಟರ ಬಳಿಗೆ ಒಯ್ಯುವುದು, ಗೊಬ್ಬರದ ಮೂಟೆ ತರುವುದು, ಮದುವೆಮನೆಗೆ ಹೋಗುವುದು ಎಲ್ಲವೂ ಆಲ್ಟೊದಲ್ಲಿ. ಆ ಆಲ್ಟೊ ವರ್ಷಪೂರ್ತಿ ಅಂಗಳದಲ್ಲಿ ನೆನೆಯುತ್ತದೆ. ಶೆಡ್ಡಿನೊಳಗೆ ಜೀಪು.

“ಇದು ನಮ್ಮ ಅಜ್ಜನ ಜೀಪು” ಎಂದೇ ಅವನ ಮಾತು ಶುರುವಾಗುವುದು. ಅಜ್ಜ ಕೊಂಡದ್ದು ಮಹೀಂದ್ರದ ಹೈ ಬಾನೆಟ್, ಅಂದರೆ ಸಿಜೆ-3ಬಿ. ಅಮೆರಿಕದ ವಿಲ್ಲಿಸ್ ಕಂಪನಿಯವರು ಹರಿಕೇನ್ ಎಂಬ ಪೆಟ್ರೋಲ್ ಎಂಜಿನ್ ಮಾಡಿದಾಗ ಅದು ಹಳೆಯ ಜೀಪಿನ ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. ಎಂಜಿನ್ ಕುಗ್ಗಿಸುವ ಬದಲು ಅವರು ಬಾನೆಟ್ಟನ್ನೇ ಎತ್ತರಿಸಿಬಿಟ್ಟರು. (ಜೀಪಣ್ಣನ ವಂಶದ ಯೋಚನಾಕ್ರಮ ಅಲ್ಲಿಂದಲೇ ಬಂದದ್ದು ಎಂದು ನನ್ನ ಗುಮಾನಿ.) 1973ರಲ್ಲಿ ಅರಬ್ ದೇಶಗಳ ದೆಸೆಯಿಂದ ಎಣ್ಣೆಯ ಬೆಲೆ ಏರಿದಾಗ, ಈ ಹರಿಕೇನ್ ಕುಡಿಯುವ ಪೆಟ್ರೋಲಿಗೆ ತೋಟ ಬರೆದುಕೊಡಬೇಕಾದೀತೆಂದು ಅಜ್ಜ ಅದನ್ನು ಕಿತ್ತು, ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಕೂರಿಸಿದರು. ಆ ಮೇಲೆ ಜೀಪು ಗದ್ದೆ ಉಳುವ ಸದ್ದು ಮಾಡುತ್ತ ಡಾಂಬರಿನ ಮೇಲೆ ಓಡಿತು. ಅಪ್ಪನ ಕಾಲಕ್ಕೆ ಎಂಎಂ 540ರ ಪೆಜೊ ಎಂಜಿನ್ ಬಂತು: 2,112 ಸಿಸಿ, 62 ಅಶ್ವಶಕ್ತಿ. ಮಗನ ಕಾಲಕ್ಕೆ ಅದೂ ಹೋಗಿ ಬೊಲೆರೊದ ಟರ್ಬೊ ಡೀಸೆಲ್. ಎಂಜಿನ್ ಬಂದ ಮೇಲೆ ಗೇರ್‌ಬಾಕ್ಸ್ ಬಂತು, ಗೇರ್‌ಬಾಕ್ಸ್ ಬಂದ ಮೇಲೆ ಓಟ ಜಾಸ್ತಿಯಾಗಿ ಡಿಸ್ಕ್ ಬ್ರೇಕ್ ಬೇಕಾಯಿತು, ದಪ್ಪ ಟೈರು ಹಾಕಿದ ಮೇಲೆ ಕೈ ತಿರುಗದೆ ಪವರ್ ಸ್ಟೀರಿಂಗ್ ಬೇಕಾಯಿತು. ತುಕ್ಕು ಹಿಡಿದ ಬಾಡಿಯನ್ನು ಟಿಂಕರ್ ಹೊಸ ತಗಡಿನಲ್ಲಿ ಎತ್ತಿದ. ಅಜ್ಜನದೆಂದು ಈಗ ಉಳಿದಿರುವುದು ಚಾಸಿಯಲ್ಲಿ ನಂಬರು ಕೊರೆದ ಒಂದು ಗೇಣು ಕಬ್ಬಿಣ, ಮತ್ತು ಆ ನಂಬರಿರುವ ಆರ್‌ಸಿ ಪುಸ್ತಕ. ಹಾಗೆಂದು ಅವನೆದುರು ಹೇಳಿ ನೋಡಿ. ಅಜ್ಜನಿಗೇ ಅವಮಾನ ಮಾಡಿದಂತೆ ಮುಖ ಕೆಂಪಾಗುತ್ತದೆ.

ಕೆಲಸ ಎಂದೂ ಮುಗಿಯುವುದಿಲ್ಲ, ಖರ್ಚಿಗೆ ಮಾತ್ರ ಒಂದು ಕ್ರಮವಿದೆ. ಮಾರ್ಚಿನಲ್ಲಿ ಹೂಮಳೆ ಸರಿಯಾಗಿ ಬಿದ್ದರೆ ಟೈರು. ಹಿಂಮಳೆಯೂ ಬಂದರೆ ಶಾಕ್ ಅಬ್ಸಾರ್ಬರ್. ಕರಿಮೆಣಸಿಗೆ ರೇಟು ಬಂದ ವರ್ಷ ವಿಂಚು. ರೊಬಸ್ಟಾ ಬೆಲೆ ಯಾರೂ ಕನಸಿನಲ್ಲೂ ಕಾಣದಷ್ಟು ಏರಿದ ವರ್ಷ ಹೆಂಡತಿ ಅಡುಗೆಮನೆಗೆ ಹೊಸ ಟೈಲ್ಸ್ ಬರುತ್ತದೆಂದು ತಿಳಿದಿದ್ದರು. ಬಂದದ್ದು ರೋಲ್ ಕೇಜ್. ಜನವರಿಯಲ್ಲಿ ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಬಿಚ್ಚಿದ ಆಕ್ಸಲ್, ಸ್ಪ್ರಿಂಗ್ ಪ್ಲೇಟು, ಗೇರುಗಳೂ ಬಿಸಿಲಿಗೆ ಹರಡಿರುತ್ತವೆ. ಕೆಲಸದ ಹೆಂಗಸರು ಸಂಜೆ ಕಾಫಿ ರಾಶಿ ಮಾಡುವಾಗ ನಟ್ಟು ಬೋಲ್ಟುಗಳನ್ನು ಆರಿಸಿ ಬೇರೆ ಡಬ್ಬಿಗೆ ಹಾಕಲು ಕಲಿತಿದ್ದಾರೆ. ಕೈಲ್ ಮುಹೂರ್ತದ ದಿನ ದೀಪದ ಮುಂದೆ ಕೋವಿಗೆ ತೋಕ್ ಪೂ ಮುಡಿಸಿ ಇಡುತ್ತಾರಲ್ಲ, ಅವರ ಮನೆಯಲ್ಲಿ ಕೋವಿಯ ಪಕ್ಕಕ್ಕೆ ಸ್ಪ್ಯಾನರ್ ಸೆಟ್ಟಿಗೂ ಒಂದು ಹೂವು.

ಇಷ್ಟೆಲ್ಲ ಮಾಡಿದ ಮೇಲೆ ಓಡಿಸುವುದೆಲ್ಲಿ? ಪೆರುಂಬಾಡಿಯಿಂದ ಕೂಟುಪುಳದವರೆಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ಘಾಟಿಯಲ್ಲಿ. ಒಂದು ಪಕ್ಕ ಬ್ರಹ್ಮಗಿರಿಯ ಕಾಡು, ಇನ್ನೊಂದು ಪಕ್ಕ ಇಳಿಜಾರು. ತಿರುವು ಮುಗಿಯಿತು ಎನ್ನುವಷ್ಟರಲ್ಲಿ ತಿರುವು. ಮೂರನೇ ಗೇರಿನಿಂದ ಮೇಲೆ ಹೋಗುವ ಪ್ರಸಂಗವೇ ಬರುವುದಿಲ್ಲ. ಟರ್ಬೊ ಉಸಿರೆಳೆದುಕೊಳ್ಳುವ ಮೊದಲೇ ಬ್ರೇಕ್ ಒತ್ತಬೇಕು. ಕಣ್ಣೂರಿನ ಬಸ್ಸೊಂದು ಹಾರ್ನ್ ಹೊಡೆದು ಅವನನ್ನು ಹಿಂದಿಕ್ಕಿ ಹೋದದ್ದನ್ನು ನಾನೇ ಕಂಡಿದ್ದೇನೆ. “ಅವನಿಗೆ ಟೈಮಿಂಗ್ಸ್ ಉಂಟು, ಹೋಗಲಿ” ಎಂದ ಜೀಪಣ್ಣ ಉದಾರವಾಗಿ.

ಆ ಸ್ನಾರ್ಕೆಲ್ ನೋಡಿ. ಎಂಜಿನ್ ಉಸಿರಾಡಲು ಗಾಜಿನ ಪಕ್ಕದಲ್ಲಿ ಛಾವಣಿಯೆತ್ತರಕ್ಕೆ ನಿಂತ ಕಪ್ಪು ಕೊಳವೆ. ಎದೆಮಟ್ಟದ ಹೊಳೆಗೆ ಇಳಿದರೂ ಎಂಜಿನ್ನಿಗೆ ನೀರು ಹೋಗಬಾರದೆಂದು ಅದನ್ನು ಹಾಕುತ್ತಾರೆ. ಮಾಕುಟ್ಟದಲ್ಲಿ ನೀರು ಬರುವುದು ಆಕಾಶದಿಂದ; ಆದ್ದರಿಂದ ಮಳೆಗಾಲದಲ್ಲಿ ಕೊಳವೆಯ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲವನ್ನು ಗಾಳಿಯಾಡುವಷ್ಟು ಸಡಿಲವಾಗಿ ಕಟ್ಟಿಕೊಂಡು ಬರುತ್ತಾನೆ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಏರಿಳಿಯುವ ಜೀಪುಗಳನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವು ದುಡಿಯುತ್ತವೆ. ಬೆಂಗಳೂರಿನಿಂದ ಹೊಸ ಥಾರ್‌ನಲ್ಲಿ ಬರುವ ಹುಡುಗರ ಬಗ್ಗೆಯಂತೂ ಕನಿಕರ: “ಪಾಪ, ಶೋರೂಮಿನಲ್ಲಿ ಕೊಂಡದ್ದು.” ಆ ಹುಡುಗರು ಏಸಿ ಹಾಕಿ, ಹಾಡು ಕೇಳುತ್ತ, ಎಲ್ಲೂ ನಿಲ್ಲದೆ ಕಣ್ಣೂರು ಸೇರಿಕೊಳ್ಳುತ್ತಾರೆ. ಎಲ್ಲೂ ನಿಲ್ಲದೆ ಹೋಗುವುದರಲ್ಲಿ ಎಂತಹ ಸುಖವೋ ಅವನಿಗೆ ಇಂದಿಗೂ ಅರ್ಥವಾಗಿಲ್ಲ.

ಈ ಕಾಯಿಲೆಗೆ ಅಮೆರಿಕದಲ್ಲಿ ದೊಡ್ಡ ಚರಿತ್ರೆಯೇ ಇದೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಗುಜರಿಯ ಬೆಲೆಗೆ ಸಿಗುತ್ತಿದ್ದ ಫೋರ್ಡ್ ಕಾರುಗಳನ್ನು ತಂದು, ಮಡ್‌ಗಾರ್ಡ್ ಕಿತ್ತು, ಭಾರವಾದದ್ದನ್ನೆಲ್ಲ ಎಸೆದು, ಎಂಜಿನ್ ಹೆಚ್ಚಿಸಿ, ಮ್ಯೂರಾಕ್ ಎಂಬ ಒಣಗಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದರು. ಫೋರ್ಡ್ ಕಂಪನಿ 1932ರಲ್ಲಿ ಅಗ್ಗದ ವಿ8 ಎಂಜಿನ್ ಬಿಟ್ಟದ್ದು ಅವರ ಪಾಲಿನ ಹೂಮಳೆ. ಮಹಾಯುದ್ಧ ಮುಗಿಸಿ ಬಂದ ಸೈನಿಕರು ಕೈಯಲ್ಲಿ ಕಸುಬೂ ಕಿಸೆಯಲ್ಲಿ ಸಂಬಳವೂ ಇದ್ದುದರಿಂದ ಇನ್ನಷ್ಟು ಕೆಟ್ಟರು. 1948ರ ಜನವರಿಯಲ್ಲಿ ಅವರಿಗೆಂದೇ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆ ಬಂತು. ಮರುವರ್ಷ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ವೇಗದ ವಾರವೇ ಶುರುವಾಯಿತು. ಕಣ್ಣು ಹಾಯುವಷ್ಟು ದೂರ ಬೆಳ್ಳಗೆ, ಚಪ್ಪಟೆಯಾಗಿ, ಒಂದು ತಿರುವೂ ಇಲ್ಲದ ನೆಲ. ಜೀಪಣ್ಣ ಮೊಬೈಲಿನಲ್ಲಿ ಅದನ್ನೆಲ್ಲ ನೋಡಿದ್ದಾನೆ. ನೋಡಿ ಮೊಬೈಲು ಕೆಳಗಿಟ್ಟು ಹೇಳಿದ್ದು ಇಷ್ಟು: “ನೇರ ಹೋಗುವುದು ಯಾರಿಗೆ ಬರುವುದಿಲ್ಲ ಮಾರಾಯ?”

ಕಾನೂನಿನ ವಿಷಯ ಎತ್ತಿದರೆ ಮಾತು ಬದಲಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮಾಡಿಕೊಟ್ಟ ಗಾಡಿಯ ಮೂಲಸ್ವರೂಪವನ್ನು ಮನಬಂದಂತೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಮತ್ತೆ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇನ್ನೊಂದು ಸೇರಿತು: ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದನ್ನು ಪತ್ರಿಕೆಯಲ್ಲಿ ಓದಿದ ಹೆಂಡತಿ ಹಾಲಿನ ಲೆಕ್ಕ ಬರೆಯುವ ಡೈರಿ ತೆಗೆದುಕೊಂಡು ಶೆಡ್ಡಿಗೆ ಹೋದರು. ಎಂಜಿನ್ ಐದು ಸಾವಿರ, ಟೈರು ಐದು ಸಾವಿರ, ಸೀಟು, ಬಂಪರ್, ಮಂಜಿಗೆಂದು ಹಾಕಿದ ಆರು ದೀಪ... ಒಂದು ಪುಟ ತುಂಬಿದ ಮೇಲೆ ಪೆನ್ನು ಮುಚ್ಚಿದರು. “ಬದಲಾಗದೆ ಇರುವುದನ್ನು ಎಣಿಸಿದರೆ ಬೇಗ ಮುಗಿದೀತು” ಎಂದರಂತೆ.

ಜೀಪಣ್ಣನ ವಾದವೇ ಬೇರೆ. ಅವನು ನೇರ ಜನರಲ್ ತಿಮ್ಮಯ್ಯನವರ ಹತ್ತಿರ ಹೋಗುತ್ತಾನೆ. 1948ರಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಗೆ, ಹನ್ನೊಂದು ಸಾವಿರ ಅಡಿಗೂ ಮೇಲಕ್ಕೆ, ತಿಮ್ಮಯ್ಯನವರು ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದರಲ್ಲ, ಹೇಗೆ? ಶತ್ರುವಿಗೆ ಗುಟ್ಟು ತಿಳಿಯಬಾರದೆಂದು ಟ್ಯಾಂಕಿನ ಮೇಲಿನ ಗೋಪುರ ಬಿಚ್ಚಿ ಬೇರೆಯಾಗಿ ಸಾಗಿಸಿ, ಕಣಿವೆಯ ಬುಡದಲ್ಲಿ ಮತ್ತೆ ಜೋಡಿಸಿದರು. ನವೆಂಬರ್ 1ರಂದು ಟ್ಯಾಂಕು ಕಂಡು ಎದುರಿನವರು ಕಂಗಾಲು. “ಕಂಪನಿ ಮಾಡಿಕೊಟ್ಟ ಟ್ಯಾಂಕನ್ನು ಬಿಚ್ಚಿದ್ದು ಹೌದೋ ಅಲ್ಲವೋ? ಆಗ ಯಾವ ಆರ್‌ಟಿಒ ಬಂದಿದ್ದ?” ಚಹಾದಂಗಡಿಯಲ್ಲಿ ಈ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಅವನ ಜೀಪಿನಲ್ಲಿ ತಿಮ್ಮಯ್ಯನವರು ಒಮ್ಮೆ ಕೂತಿದ್ದರು ಎಂಬ ಮಾತೂ ಆಗ ಬರುತ್ತದೆ. ಕೊಡಗಿನ ಹಳೆಯ ಜೀಪುಗಳ ಮಾಲೀಕರ ಮಾತನ್ನೆಲ್ಲ ನಂಬಿದರೆ ಜನರಲ್ ಸಾಹೇಬರಿಗೆ ಯುದ್ಧ ಮಾಡಲು ಪುರಸೊತ್ತೇ ಇದ್ದಿರಲಾರದು.

ಇಷ್ಟು ಧೈರ್ಯವಂತನ ಸಾಮ್ರಾಜ್ಯ ಕೂಟುಪುಳದ ಸೇತುವೆಗೆ ಮುಗಿಯುತ್ತದೆ. ಬ್ರಿಟಿಷರ ಕಾಲದ ಕಿರಿದಾದ ಹಳೆಯ ಸೇತುವೆಯ ಪಕ್ಕದಲ್ಲಿ 2022ರಲ್ಲಿ ಅಗಲವಾದ ಹೊಸ ಸೇತುವೆ ಬಂದಿದೆ. ಅದರಾಚೆ ಕೇರಳ. ಕಾಯ್ದೆ ಎರಡೂ ಕಡೆಗೆ ಒಂದೇ, ಆದರೆ ಆಚೆಯವರು ಅದನ್ನು ಕೂತು ಓದುತ್ತಾರೆ. 2021ರ ಆಗಸ್ಟಿನಲ್ಲಿ ಇರಿಟ್ಟಿ ಕಡೆಯ ಯೂಟ್ಯೂಬ್ ಸಹೋದರರಿಬ್ಬರ ಅಲಂಕೃತ ವ್ಯಾನನ್ನು ಕಣ್ಣೂರಿನ ಮೋಟಾರು ವಾಹನ ಇಲಾಖೆ ಹಿಡಿದಿಟ್ಟುಕೊಂಡಾಗ ಕೇರಳವೆಲ್ಲ ಅದೇ ಸುದ್ದಿ. ಆ ವಾರ ಜೀಪಣ್ಣ ಚಹಾದಂಗಡಿಗೆ ನಡೆದುಕೊಂಡು ಬಂದ. ಜೀಪನ್ನು ಒಂದು ತಿರುವು ಹಿಂದೆಯೇ ಮರದ ಮರೆಯಲ್ಲಿ ನಿಲ್ಲಿಸಿದ್ದನಂತೆ. ಅಂದಿನಿಂದ ಸೇತುವೆ ಕಣ್ಣಿಗೆ ಬಿದ್ದ ಕೂಡಲೇ ಗಾಡಿ ತಿರುಗಿಸುತ್ತಾನೆ. ಆ ತಿರುಗಿಸುವುದನ್ನೂ ಮುಂದೆ ಹಿಂದೆ ಮಾಡಿ, ಎಂಜಿನ್ ಗುಡುಗಿಸಿ, ಮೆರವಣಿಗೆಯಷ್ಟು ಹೊತ್ತು ಮಾಡುತ್ತಾನೆ.

ಫಜೀತಿ ಇರುವುದು ಇಲ್ಲಿ. ಈ ಜೀಪಿನ ಒಳಗುಟ್ಟು ಬಲ್ಲವನು ಜಗತ್ತಿನಲ್ಲಿ ಒಬ್ಬನೇ, ಆಶಾನ್. ಅವನ ವರ್ಕ್‌ಶಾಪ್ ಇರುವುದು ಇರಿಟ್ಟಿಯಲ್ಲಿ. ಜೀಪು ಆಶಾನನ ಬಳಿಗೆ ಹೋಗುವಂತಿಲ್ಲ. ಆದ್ದರಿಂದ ಭಾನುವಾರ ಆಶಾನನೇ ಬೈಕಿನ ಹಿಂದೆ ಟೂಲ್ಸ್ ಚೀಲ ಕಟ್ಟಿಕೊಂಡು, ಡಾಕ್ಟರು ಹಳೇ ರೋಗಿಯ ಮನೆಗೆ ಬಂದಂತೆ, ಸೇತುವೆ ದಾಟಿ ಬರುತ್ತಾನೆ. ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ‘ಶರಿಯಾಕಾಂ’ ಎನ್ನುತ್ತಾನೆ. ಜೀಪಣ್ಣ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡುತ್ತಾನೆ. ಆಚೆ ದಡದ ಹುಡುಗರು ಹತ್ತಾರು ಮಂದಿ ನೋಡಲು ಬರುತ್ತಾರೆ. ಆಶಾನ್ ಬಿಗಿದ ಬೋಲ್ಟನ್ನು ತೋರಿಸಿ ಜೀಪಣ್ಣ ಮಲಯಾಳದಲ್ಲಿ ಅವರಿಗೆ ವಿವರಿಸುವುದು, “ಇದು ನಾನೇ ಮಾಡಿದ್ದು.” ಆಶಾನ್ ತಲೆ ಎತ್ತುವುದಿಲ್ಲ. ಅವನಿಗೂ ಒಂದು ಜೀಪು ಕಟ್ಟುವ ಆಸೆಯಿದೆ, ದುಡ್ಡಿಲ್ಲ. ಇವನ ದುಡ್ಡಿನಲ್ಲಿ ಕಟ್ಟುತ್ತಿದ್ದಾನೆ. ಇಬ್ಬರಿಗೂ ಇದು ಗೊತ್ತು, ಇಬ್ಬರೂ ಆಡುವುದಿಲ್ಲ.

ಇಂಥ ಜೀಪಿಗೂ ಒಂದು ದಿನ ಬಂತು. 2018ರ ಮಳೆಗಾಲದಲ್ಲಿ ಗುಡ್ಡ ಜರಿದು ದಾರಿಯೇ ಬಂದ್ ಆದ ಘಾಟಿ ಇದು. ಅಂದಿನಿಂದ ಜೋರು ಮಳೆ ಹಿಡಿದರೆ ಎಲ್ಲರ ಕಿವಿಯೂ ನೆಟ್ಟಗೆ. ಈ ಸಲ ಅಷ್ಟೇನೂ ಆಗಲಿಲ್ಲ. ಪ್ರವಾಸಿಗರ ಇನ್ನೊವಾ ಒಂದು ಎದುರಿನ ಬಸ್ಸಿಗೆ ಸೈಡು ಕೊಡಲು ಹೋಗಿ ಚರಂಡಿಗೆ ಇಳಿದು ವಾಲಿ ನಿಂತಿತು. ಯಾರಿಗೂ ಪೆಟ್ಟಿಲ್ಲ. ಜೀಪಣ್ಣ ಬಂದ. ಆರೂ ದೀಪ ಹೊತ್ತಿಸಿದ. ಸ್ನಾರ್ಕೆಲ್ಲಿನ ಚೀಲ ಬಿಚ್ಚಿದ, ಏಕೆಂದು ಕೇಳಬಾರದು. ವಿಂಚಿನ ಹಗ್ಗ ಎಳೆದು ಇನ್ನೊವಾದ ಕೊಕ್ಕೆಗೆ ಹಾಕಿ ಬಟನ್ ಒತ್ತಿದ. ವಿಂಚು ಒಂದು ಮಾರು ಎಳೆಯಿತು, ನರಳಿತು, ದೀಪಗಳು ಹಳದಿಯಾದವು, ಎಂಜಿನ್ ಬಿಕ್ಕಿ ನಿಂತಿತು. ಬ್ಯಾಟರಿ ಖಾಲಿ. ಇನ್ನೊವಾ ಅರ್ಧ ಮೇಲೆ, ಜೀಪು ರಸ್ತೆಗೆ ಅಡ್ಡ, ಎರಡೂ ಕಡೆ ಸಾಲುಗಟ್ಟಿದ ಗಾಡಿಗಳು.

ಮುಕ್ಕಾಲು ಗಂಟೆಯ ಮೇಲೆ ಆಲ್ಟೊ ಬಂತು. ಹೆಂಡತಿ ಕೊಡೆ ಹಿಡಿದು ಇಳಿದು, ಡಿಕ್ಕಿಯಿಂದ ಜಂಪರ್ ಕೇಬಲ್ ತೆಗೆದು ಕೊಟ್ಟರು. ಅದು ಆಲ್ಟೊದಲ್ಲಿ ಸದಾ ಇರುತ್ತದೆ. ಆಲ್ಟೊಗಾಗಿ ಅಲ್ಲ. ಜೀಪು ಗುಡುಗಿತು, ಇನ್ನೊವಾ ಮೇಲೆ ಬಂತು, ಪ್ರವಾಸಿಗರು ಜೀಪಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಆಲ್ಟೊವನ್ನು ಸ್ವಲ್ಪ ಹಿಂದಕ್ಕೆ ತೆಗೆಯಿರಿ, ಫೋಟೋದಲ್ಲಿ ಬರುತ್ತದೆ ಎಂದು ಯಾರೋ ಹೇಳಿದರು. ಅವರು ತೆಗೆದರು.

ಮರುದಿನ ಚಹಾದಂಗಡಿಯಲ್ಲಿ ಈ ಕತೆ ಹೇಳುವಾಗ ಆಲ್ಟೊ ‘ಹಿಂದಿದ್ದ ಒಂದು ಗಾಡಿ’ ಆಗಿತ್ತು. ವಾರ ಕಳೆಯುವಷ್ಟರಲ್ಲಿ ಬ್ಯಾಟರಿ ಖಾಲಿಯಾದದ್ದೇ ಕತೆಯಿಂದ ಬಿಟ್ಟುಹೋಯಿತು. ಇನ್ನೊವಾದ ಬದಲು ಮಿನಿ ಬಸ್ಸು ಬಂತು. ಭಾನುವಾರ ಬಂದ ಆಶಾನ್ ಎಲ್ಲವನ್ನೂ ಕೇಳಿ, ಬಾನೆಟ್ಟಿನೊಳಗೆ ಜಾಗ ಅಳೆದು, ವಿಂಚಿಗೆಂದೇ ಎರಡನೇ ಬ್ಯಾಟರಿ ಕೂರಿಸೋಣ ಎಂದ. ಜಾಗ ಸಾಲದಿದ್ದರೆ? ಬಾನೆಟ್ಟನ್ನು ಎರಡಿಂಚು ಎತ್ತರಿಸಿದರಾಯಿತು. ಜೀಪಣ್ಣನ ಮುಖ ಅರಳಿತು. ಜಗಲಿಯಲ್ಲಿ ಮೆಣಸು ಕೇರುತ್ತಿದ್ದ ಹೆಂಡತಿ ಮೊರ ಕೆಳಗಿಟ್ಟು ಒಳಗೆ ಹೋದರು. ಬಂದಾಗ ಕೈಯಲ್ಲಿ ಹಾಲಿನ ಡೈರಿ.

“ಬ್ಯಾಟರಿ ಐದು ಸಾವಿರ,” ಎಂದರು, “ಬಾನೆಟ್ಟು ಬೇರೆ ಬರೆಯಲೋ, ಸೇರಿಸಿಯೋ?”