ಮುಚ್ಚಳ ತೆಗೆಯುವ ಮುನ್ನ ಓದಿ

ತಾರಸಿಯಲ್ಲೋ ಬಾಲ್ಕನಿಯಲ್ಲೋ ಹತ್ತಾರು ಕುಂಡ ಜೋಡಿಸಿಕೊಂಡು, ಬೆಳಗಿನ ಕಾಫಿ ಲೋಟ ಹಿಡಿದು ಅವುಗಳ ಯೋಗಕ್ಷೇಮ ವಿಚಾರಿಸುವ ಬೆಂಗಳೂರಿನ ಗೃಹಸ್ಥರಿಗಾಗಿ ಈ ಕೈಪಿಡಿ. ಜಮೀನು ಇರುವವರು ಓದಿ ನಕ್ಕರೆ ತಯಾರಕರು ಹೊಣೆಯಲ್ಲ. ಗಿಡಕ್ಕೆ ಉಣಿಸುವ ವ್ಯವಸ್ಥೆ ಸದ್ಯ ಎರಡು ಮಾದರಿಗಳಲ್ಲಿ ಲಭ್ಯವಿದೆ: ಬಾಟಲಿ ಮಾದರಿ, ಮಣ್ಣು ಮಾದರಿ. ಯಾವುದು ಒಳ್ಳೆಯದೆಂದು ನರ್ಸರಿಯವನನ್ನು ಕೇಳಬೇಡಿ. "ಎರಡೂ ತಗೊಂಡ್ಹೋಗಿ ಸಾರ್, ಸೂಪರ್ ರಿಸಲ್ಟು" ಅಂತಾನೆ. ತಾರಸಿ ತೋಟದ ವಾಟ್ಸ್ಯಾಪ್ ಗುಂಪಿನಲ್ಲಂತೂ ಕೇಳಲೇಬೇಡಿ.

ಪೆಟ್ಟಿಗೆಯೊಳಗೆ ಏನೇನಿದೆ

ಬಾಟಲಿ ಮಾದರಿಯಲ್ಲಿ: ಒಂದು ಬಾಟಲಿ, ಮುಚ್ಚಲಿಕ್ಕೂ ಅಳೆಯಲಿಕ್ಕೂ ಒಂದೇ ಆದ ಮುಚ್ಚಳ, ನಿಮ್ಮ ಗಿಡ ಯಾವತ್ತೂ ಬಿಡಲಾರದಂಥ ಟೊಮೆಟೊದ ಚಿತ್ರ, ಅದರ ಕೆಳಗೆ ಮೂರು ಅಂಕಿ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ನೀರಿಗೆ ಕದಡುವ ಪುಡಿ ತಂದರೂ ಇವೇ ಮೂರು. 19:19:19 ಎಂದು ಬರೆದಿರುವುದನ್ನು ಗೊಬ್ಬರದಂಗಡಿಯಲ್ಲಿ 'ನೈಂಟೀನ್ ಆಲ್' ಎಂದು ಕೇಳಿದರೆ ಸಾಕು. ಅಂಕಿ ನೋಡಿ ಹಿಗ್ಗುವ ಮೊದಲು ಒಂದು ಮಾತು: ರಂಜಕವನ್ನೂ ಪೊಟ್ಯಾಷನ್ನೂ ಆಕ್ಸೈಡಿನ ಲೆಕ್ಕದಲ್ಲಿ ಬರೆಯುವುದು ಹಳೆಯ ವಾಡಿಕೆ. ಹಾಗಾಗಿ 19 ಎಂದಿರುವ ಕಡೆ ನಿಜವಾದ ರಂಜಕ ಶೇಕಡ 8ರ ಆಸುಪಾಸು. ಮೋಸವಲ್ಲ, ಪದ್ಧತಿ.

ಮಣ್ಣು ಮಾದರಿಯಲ್ಲಿ: ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಕೋಕೋಪೀಟ್, ಬೇವಿನ ಹಿಂಡಿ ಒಂದು ಹಿಡಿ, ಹೊಂಗೆ ಹಿಂಡಿ ಇನ್ನೊಂದು ಹಿಡಿ. ಜೊತೆಗೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು. ಇವನ್ನು ಎಣಿಸಿ ರಸೀತಿಯೊಡನೆ ತಾಳೆ ನೋಡುವ ಅಗತ್ಯವಿಲ್ಲ.

ಸೂಚನೆ: ಕಡಲಕಳೆ ದ್ರಾವಣ, ಮೀನಿನ ದ್ರಾವಣ, ಪಂಚಗವ್ಯ ಇವೆಲ್ಲ ಸಾವಯವವೇ ಆದರೂ ಬಾಟಲಿಯಲ್ಲೇ ಬರುತ್ತವೆ. ಬಾಟಲಿ ಕಂಡ ಕೂಡಲೇ ಮುಖ ಸಿಂಡರಿಸುವ ಗ್ರಾಹಕರು ಗಮನಿಸಬೇಕು.

ಜೋಡಿಸುವ ಕ್ರಮ

ಬಾಟಲಿ ಮಾದರಿಗೆ ಜೋಡಣೆ ಬೇಕಿಲ್ಲ. ಲೇಬಲ್ ಹೇಳಿದಷ್ಟನ್ನು ನೀರಿಗೆ ಬೆರೆಸಿ ಹಾಕಿ. ಲೇಬಲ್ ಹೇಳಿದ್ದರ ಎರಡರಷ್ಟು ಹಾಕಿದರೆ ಎರಡರಷ್ಟು ಹೂ ಬಿಡುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಎಲೆಯ ತುದಿ ಸುಡುತ್ತದೆ ಎಂಬುದಕ್ಕೆ ಇದೆ.

ಮಣ್ಣು ಮಾದರಿಯ ಬಿಡಿಭಾಗಗಳನ್ನು ಮೊಬೈಲಿನಲ್ಲಿ ತರಿಸಿಕೊಳ್ಳುವುದು ಈಚಿನ ರೂಢಿ. ಅಡುಗೆಮನೆಯ ಸಿಪ್ಪೆಯನ್ನು ಬೆಳಿಗ್ಗೆ ಹಸಿ ಕಸವೆಂದು ಆಟೊ ಟಿಪ್ಪರಿಗೆ ಸುರಿದು, ಬೀದಿಯ ಮರದಡಿ ಗುಡಿಸಿದ ತರಗೆಲೆಗೆ ಬೆಂಕಿ ಬಿದ್ದಾಗ ಕಿಟಕಿ ಮುಚ್ಚಿಕೊಂಡು, ಸಂಜೆ ಇನ್ಯಾರದೋ ಮನೆಯ ಸಿಪ್ಪೆಯೂ ಇನ್ಯಾವುದೋ ಬೀದಿಯ ತರಗೂ ಕೊಳೆತಾದ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ದುಡ್ಡು ಕೊಟ್ಟು ಬರಮಾಡಿಕೊಳ್ಳಬೇಕು. ಇದಕ್ಕೆ ಸಾವಯವ ಬದುಕು ಎನ್ನುತ್ತಾರೆ.

ಇಷ್ಟು ಸುತ್ತು ಬೇಡವೆನ್ನುವವರು ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಕೆ ತಂದುಕೊಳ್ಳಿ. ಸಿಪ್ಪೆ ಒಂದು ಪದರ, ಅದನ್ನು ಮುಚ್ಚುವಷ್ಟು ಧಾರಾಳವಾಗಿ ತರಗು ಇನ್ನೊಂದು ಪದರ. ನಾತ ಬಂದರೆ ಒದ್ದೆ ಹೆಚ್ಚಾಗಿದೆ, ತರಗು ಸೇರಿಸಿ. ತಿಂಗಳಾದರೂ ಏನೂ ಆಗದಿದ್ದರೆ ಒಣಗಿದೆ, ನೀರು ಚಿಮುಕಿಸಿ. ದಪ್ಪನೆಯ ಬೂದುಬಣ್ಣದ ಹುಳುಗಳು ಗುಜುಗುಜು ಎನ್ನುತ್ತಿದ್ದರೆ ಕಿರುಚಬೇಡಿ. ಅವು ಕಪ್ಪು ಸೈನಿಕ ನೊಣದ ಮರಿಗಳು. ಕಚ್ಚುವುದಿಲ್ಲ, ಸಿಪ್ಪೆ ಖಾಲಿ ಮಾಡುವುದರಲ್ಲಿ ನಿಸ್ಸೀಮರು. ಅತ್ತೆಯವರು ಕಿರುಚದಂತೆ ನೋಡಿಕೊಳ್ಳುವ ವಿಧಾನ ಈ ಆವೃತ್ತಿಯಲ್ಲಿಲ್ಲ.

ಜೀವಾಮೃತ ತಯಾರಿಸುವ ಉಮೇದು ಬಂದವರಿಗೆ ಸುಭಾಷ್ ಪಾಳೇಕರರ ಪ್ರಸಿದ್ಧ ಅಳತೆ ಹೀಗಿದೆ: 200 ಲೀಟರ್ ನೀರಿಗೆ 10 ಕಿಲೊ ಸಗಣಿ, ಗಂಜಲ, 2 ಕಿಲೊ ಬೆಲ್ಲ, 2 ಕಿಲೊ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಮಣ್ಣು ಒಂದು ಹಿಡಿ. ಇದು ಒಂದು ಎಕರೆಗೆ. ನಾಲ್ಕನೇ ಮಹಡಿಯ ಬಾಲ್ಕನಿಗೆ ಎಷ್ಟೆಂದು ಭಾಗಿಸಿಕೊಳ್ಳಿ. ಬದುವು ಎಲ್ಲಿ ಸಿಗುತ್ತದೆಂದು ನಮ್ಮನ್ನು ಕೇಳಬೇಡಿ.

ಕೆಲಸ ಮಾಡುವ ಬಗೆ

ಇದೊಂದು ಭಾಗವನ್ನು ಹಾರಿಸದೆ ಓದಿ. ಬೇರು ಸಗಣಿಯನ್ನು ಸಗಣಿಯಾಗಿ ಉಣ್ಣುವುದಿಲ್ಲ. ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯ ಮಾಡುತ್ತವೆ, ಬೇರೆ ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ, ಆಮೇಲೆ ಬೇರಿನ ಪಾಳಿ. ಬಾಟಲಿಯಿಂದ ಬಂದ ನೈಟ್ರೇಟಿಗೂ ಹಸುವಿನ ಮೂಲಕ ಬಂದ ನೈಟ್ರೇಟಿಗೂ ಬೇರು ಎಳ್ಳಷ್ಟೂ ಭೇದ ಮಾಡುವುದಿಲ್ಲ. 'ಕೆಮಿಕಲ್ ಇಲ್ಲದ ಗೊಬ್ಬರ' ಎಂಬ ಜಾಹೀರಾತು ನೋಡಿದರೆ ಬೇರಿಗೆ ನಗು ಬಂದೀತು.

ಹಾಗಾದರೆ ವ್ಯತ್ಯಾಸ ಎಲ್ಲಿ? ಕುಂಡದಲ್ಲಿ ನಾಲ್ಕು ಅಲಸಂದೆ ಕಾಳು ಹಾಕಿ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಬುಡದ ಮಣ್ಣು ಸಮೇತ ಮೆಲ್ಲಗೆ ಎತ್ತಿ, ಬಕೆಟ್ ನೀರಿನಲ್ಲಿ ಅಲುಗಿಸಿ. ಬೇರಿನಲ್ಲಿ ಸಾಸಿವೆಯಷ್ಟು, ಹೆಸರುಕಾಳಿನಷ್ಟು ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಕಾರ್ಖಾನೆ ನಡೆಯುತ್ತಿದೆ. ಆ ಕೆಂಪು ನಮ್ಮ ನೆತ್ತರಿನ ಹಿಮೋಗ್ಲೋಬಿನ್ನಿನ ದಾಯಾದಿ. ಬೂದಿಯೋ ಹಸಿರೋ ಆಗಿದ್ದರೆ ಬಾಗಿಲು ಹಾಕಿದೆ. ಗಾಳಿಯ ಸಾರಜನಕವನ್ನು ಗಿಡ ಉಣ್ಣುವ ರೂಪಕ್ಕೆ ತರುವ ಕೆಲಸ ಈ ಗಂಟಿನೊಳಗಿನ ಬ್ಯಾಕ್ಟೀರಿಯಾಗಳದು. ಇದೇ ಕೆಲಸಕ್ಕೆ ಮನುಷ್ಯ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆ ಹೂಡಿದ. ಹಾಬರ್ ದಾರಿ ತೋರಿಸಿದ್ದು, ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದ್ದು. ವಾತಾವರಣದ ನೂರಾರು ಪಟ್ಟು ಒತ್ತಡ, ನಾನೂರು ಐನೂರು ಡಿಗ್ರಿ ಶಾಖ ಬೇಕಾಯಿತು. ಅಲಸಂದೆ ಇದನ್ನು ನಿಮ್ಮ ಬಾಲ್ಕನಿಯ ಬಿಸಿಲಿನಲ್ಲಿ ಮಾಡುತ್ತದೆ.

ಈಗ ಇನ್ನೊಂದು ಕುಂಡದ ಅಲಸಂದೆಗೆ ವಾರವಾರವೂ ಬಾಟಲಿಯ ಸಾರಜನಕ ಕೊಟ್ಟು ನೋಡಿ. ಗಿಡ ಸೊಂಪಾಗಿರುತ್ತದೆ, ಬೇರಿನ ಗಂಟು ಬೆರಳೆಣಿಕೆಗೆ ಇಳಿದಿರುತ್ತದೆ. ಗಂಟಿನೊಳಗಿನ ಜೀವಿಗಳಿಗೆ ಗಿಡ ತನ್ನ ಸಕ್ಕರೆ ಕೊಟ್ಟು ಸಾಕಬೇಕು. ದಿನಾ ಹೋಟೆಲಿನಿಂದ ಪಾರ್ಸೆಲ್ ಬರುವ ಮನೆಯಲ್ಲಿ ಅಡುಗೆಯವರನ್ನು ಯಾರು ಇಟ್ಟುಕೊಳ್ಳುತ್ತಾರೆ? ಬಾಟಲಿ ವಿಷವಲ್ಲ. ಮಣ್ಣಿನಲ್ಲಿ ದುಡಿಯುವವರ ಕೆಲಸ ಕಿತ್ತುಕೊಳ್ಳುತ್ತದೆ, ಅಷ್ಟೇ. ಅಷ್ಟೇ ಎನ್ನುವುದು ಸಣ್ಣ ಮಾತಲ್ಲ ಎಂದು ತಯಾರಕರ ಅಭಿಪ್ರಾಯ.

ಬಾಟಲಿಯ ಲೆಕ್ಕ

2021ರಲ್ಲಿ ನ್ಯಾನೊ ಯೂರಿಯಾ ಬಂತು. ಅರ್ಧ ಲೀಟರಿನ ಒಂದು ಬಾಟಲಿ 45 ಕಿಲೊ ಯೂರಿಯಾ ಚೀಲಕ್ಕೆ ಸಮ ಎಂದು ಸಾರಿದರು. ಯೂರಿಯಾದಲ್ಲಿ ಸಾರಜನಕ ಶೇಕಡ 46, ಅಂದರೆ ಚೀಲದಲ್ಲಿ 20 ಕಿಲೊಗಿಂತ ಹೆಚ್ಚು. ಆಗಿನ ಬಾಟಲಿಯಲ್ಲಿ ಇದ್ದದ್ದು ಶೇಕಡ 4, ಅಂದರೆ 20 ಗ್ರಾಂ. ಎಲೆಯ ಮೇಲೆ ಸಿಂಪಡಿಸಿದರೆ ಪೋಲಾಗುವುದು ಕಡಿಮೆ, ನಿಜ. ಆದರೂ ಕಿಲೊ ಮತ್ತು ಗ್ರಾಮಿನ ನಡುವೆ ಸಾವಿರ ಪಟ್ಟು ಅಂತರವಿದೆ, ಅದನ್ನು ಯಾವ ಕಣ ಎಷ್ಟು ಸಣ್ಣದಾದರೆ ತುಂಬೀತು? ಹೆಬ್ಬೆಟ್ಟು ಒತ್ತುವ ರೈತನೂ ಈ ಭಾಗಾಕಾರ ಮಾಡಬಲ್ಲ.

ಮಣ್ಣಿನ ಲೆಕ್ಕವೂ ಅಷ್ಟು ಸಲೀಸಲ್ಲ. ಶಿರಸಿ, ಸಿದ್ದಾಪುರದ ಅಡಿಕೆ ತೋಟಿಗರಿಗೆ ಸೊಪ್ಪಿನ ಬೆಟ್ಟವೆಂಬುದು ಉಂಟು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಹಕ್ಕು. ಬೇಸಿಗೆಯಲ್ಲಿ ದರಕು ಗುಡಿಸಿ, ಮಳೆಗಾಲದಲ್ಲಿ ಹಸಿಸೊಪ್ಪು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸಬೇಕು. ದನ ತುಳಿದು, ಗಂಜಲ ಬಿದ್ದು ನೆನೆದದ್ದನ್ನು ಬಾಚಿ ಗೊಬ್ಬರಗುಂಡಿಗೆ, ಅಲ್ಲಿಂದ ಬುಟ್ಟಿಬುಟ್ಟಿಯಾಗಿ ಮರದ ಬುಡಕ್ಕೆ. ಸಾವಯವ ಅಗ್ಗವೆನ್ನುವವರು ಈ ಹೊರೆ ಹೊತ್ತ ಕುತ್ತಿಗೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆಳು ಸಿಗದೆ ಕೊಟ್ಟಿಗೆ ಖಾಲಿಯಾದ ಮನೆಯವರು ಗೊಬ್ಬರದ ಚೀಲ ತಂದರೆ ಅವರಿಗೆ ಉಪದೇಶ ಹೇಳಲು ಬಾಲ್ಕನಿಯವರಿಗೆ ಬಾಯಿಲ್ಲ.

ತೊಂದರೆ ನಿವಾರಣೆ

ಕೆಳಗಿನ ಹಳೆಯ ಎಲೆಗಳು ಹಳದಿಯಾಗಿವೆ: ಸಾರಜನಕ ಸಾಲದು. ಯಾವ ಮಾದರಿಯಾದರೂ ಸರಿ.

ದಾಸವಾಳದ ಹೊಸ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರಬಹುದು. ವರ್ಷಗಟ್ಟಲೆ ಹುಯ್ದ ಬೋರ್‌ವೆಲ್ಲಿನ ಗಡಸು ನೀರು ಅದನ್ನು ಬೇರಿಗೆ ಸಿಗದಂತೆ ಬಿಗಿದಿರುತ್ತದೆ. ಇದಕ್ಕೆ ನೈಂಟೀನ್ ಆಲ್ ಸುರಿದರೂ ಅಷ್ಟೇ, ಎರೆಗೊಬ್ಬರ ಸುರಿದರೂ ಅಷ್ಟೇ. ಮಳೆನೀರು ಹಿಡಿದು ಹಾಕಿ.

ಟೊಮೆಟೊ ಗಿಡ ಮಾಳಿಗೆ ಮುಟ್ಟಿದೆ, ಹಣ್ಣಿಲ್ಲ, ಗಿಡಹೇನು ತುಂಬಿದೆ: ಸಾರಜನಕ ಅತಿಯಾಯಿತು. ಸಗಣಿ ಗೊಬ್ಬರ ಅತಿಯಾದರೂ ಹೀಗೇ ಆಗುತ್ತದೆ.

ಕುಂಡದ ಅಂಚಿನಲ್ಲಿ ಬಿಳಿ ಹುಡಿ: ಉಪ್ಪು. ಹೊಲದಲ್ಲಾದರೆ ಮಳೆ ತೊಳೆದೊಯ್ಯುತ್ತದೆ, ಕುಂಡಕ್ಕೆ ಆ ಭಾಗ್ಯವಿಲ್ಲ. ತಳದ ತೂತಿನಿಂದ ಧಾರಾಳ ಹರಿಯುವಷ್ಟು ನೀರು ಹಾಕಿ, ಬಾಟಲಿಗೆ ಒಂದೆರಡು ತಿಂಗಳು ರಜೆ ಕೊಡಿ. ತೂತೇ ಇಲ್ಲದ ಪಿಂಗಾಣಿ ಕುಂಡವಾಗಿದ್ದರೆ ಗಿಡವನ್ನು ಬೇರೆಡೆಗೆ ಸಾಗಿಸಿ, ಅದರಲ್ಲಿ ಛತ್ರಿ ಇಡಿ.

ನೀವು ಊರಲ್ಲಿ ಇಲ್ಲದಾಗ

ದೀಪಾವಳಿಗೆ ಊರಿಗೆ ಹೊರಡುವ ಮುನ್ನ ಕುಂಡದ ಮೇಲೆ ತರಗು ಹೊದಿಸಿ; ಪಸೆ ಒಂದೆರಡು ದಿನ ಹೆಚ್ಚು ನಿಲ್ಲುತ್ತದೆ. ಗೊಬ್ಬರ ಬೆರೆಸಿದ ಮಣ್ಣು ನೀವಿಲ್ಲದೆ ಹತ್ತು ದಿನ ತನ್ನ ಕೆಲಸ ತಾನು ನೋಡಿಕೊಳ್ಳುತ್ತದೆ. ಪಕ್ಕದ ಮನೆಯ ಆಂಟಿಗೆ ಬೀಗದ ಕೈ ಕೊಟ್ಟು, ನೀರು ಮಾತ್ರ ಹಾಕಿದರೆ ಸಾಕು ಎಂದು ಹೇಳಿ. ಎರಡು ಸಲ ಹೇಳಿ. ಅವರು ಒಳ್ಳೆಯವರು, ಕಪಾಟಿನಲ್ಲಿ ಬಾಟಲಿ ಕಂಡರೆ "ಪಾಪ, ಗಿಡಗಳು ಸೊರಗಿವೆ" ಎಂದು ಒಂದಿಷ್ಟು ಸುರಿದೇ ಸುರಿಯುತ್ತಾರೆ. ಹಾಗಾಗಿ ಬಾಟಲಿಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ. ಮೀನಿನ ದ್ರಾವಣವನ್ನು ಮಾತ್ರ ಬೀರುವಿನಲ್ಲಿ ಇಡಬೇಡಿ, ಅಲ್ಲಿ ರೇಷ್ಮೆ ಸೀರೆಗಳಿರುತ್ತವೆ.