ಕಂಸನ ಸೆರೆಯಲ್ಲಿ ನಷ್ಟ

ಸೆಪ್ಟೆಂಬರ್ ಬಂತೆಂದರೆ ಬಸವೇಶ್ವರನಗರದ ಕಲ್ಯಾಣಮಂಟಪಗಳಲ್ಲಿ ವಧೂವರರಿಲ್ಲದ ಸಮಾರಂಭಗಳು ಶುರುವಾಗುತ್ತವೆ. ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ. ಪಿತೃಪಕ್ಷದಲ್ಲಿ ಮದುವೆ ಇರುವುದಿಲ್ಲ, ಮಂಟಪದವರು ಬಾಡಿಗೆಯಲ್ಲಿ ಚೌಕಾಸಿಗೆ ಒಪ್ಪುತ್ತಾರೆ. ನಮ್ಮ ಪತ್ತಿನ ಸಂಘ ಜಾಣತನದಿಂದ ನಡೆಯುತ್ತಿದೆ ಎನ್ನಲು ನಾನು ಕಣ್ಣಾರೆ ಕಂಡ ಪುರಾವೆ ಅದೊಂದೇ.

ಹೋದ ವರ್ಷದವರೆಗೆ ಕಾರ್ಯದರ್ಶಿಗಳು ಅಢಾವೆ ಪತ್ರಿಕೆಯನ್ನು ಸಹಸ್ರನಾಮದ ಹಾಗೆ ಒಂದೇ ಉಸಿರಿಗೆ ಓದುತ್ತಿದ್ದರು. ಆರಂಭದ ಶಿಲ್ಕು, ಆಖೈರು ಶಿಲ್ಕು, ಮೀಸಲು ನಿಧಿ ಎಲ್ಲ ಮುಗಿದು 'ಸಭೆ ಅನುಮೋದಿಸಬೇಕು' ಅಂದಾಗ ಹಿಂದಿನ ಸಾಲಿನಿಂದ 'ಓಕೆ, ಓಕೆ' ಬರುತ್ತಿತ್ತು. ಕೇಸರಿಬಾತಿನ ಘಮವೂ ಸರಿಯಾಗಿ ಅದೇ ಹೊತ್ತಿಗೆ ಬರುತ್ತಿತ್ತು. ಅಷ್ಟರಲ್ಲಿ ನಾನು ಕಂಪನಿಯಲ್ಲಿ 'ಪಿಪಿಟಿ ಮಾಡುವವನು' ಎಂಬ ಸುದ್ದಿ ಯಾರೋ ಅಧ್ಯಕ್ಷರ ಕಿವಿಗೆ ಹಾಕಿದರು. ಲೆಕ್ಕ ಮಂಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. 24 ಸ್ಲೈಡ್ ಮಾಡಿದೆ.

ಮೊದಲ ಸ್ಲೈಡಿನ ಮೂಲೆಯಲ್ಲಿ, ಇರುವೆಗೂ ಕನ್ನಡಕ ಬೇಕಾಗುವ ಅಕ್ಷರದಲ್ಲಿ, 'ರೂ. ಲಕ್ಷಗಳಲ್ಲಿ' ಎಂದು ಬರೆದಿದ್ದೆ. ಕೆಳಗೆ, ಸಿಬ್ಬಂದಿ ವೇತನ 18.6. ರಾಜಾಜಿನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರೊಬ್ಬರು ಎದ್ದರು.

"ಸ್ವಾಮಿ, ಆ ಹುಡುಗರಿಗೆ ವರ್ಷಕ್ಕೆ ಹದಿನೆಂಟೂವರೆ ರೂಪಾಯಿ ಸಂಬಳ ಕೊಟ್ಟು, ಇಷ್ಟು ದೊಡ್ಡ ಪರದೆ ಬಾಡಿಗೆಗೆ ತಂದಿದೀರಲ್ಲ, ನ್ಯಾಯವಾ?"

ಲಕ್ಷದ ಮಾತು ವಿವರಿಸಿ ಮುಂದೆ ಹೋದೆ. ಎರಡನೇ ಸ್ಲೈಡಿನಲ್ಲಿ ಎಕ್ಸೆಲ್ ತನ್ನ ದೇಶದ ಅಭ್ಯಾಸದಂತೆ ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕಿತ್ತು. 12,34,000 ಆಗಬೇಕಾದದ್ದು 1,234,000 ಆಗಿ, ಇಡೀ ಸಭೆ ಬೆರಳು ಮಡಚಿ 'ಏಕಂ, ದಶಂ, ಶತಂ' ಅನ್ನತೊಡಗಿತು. ಮೂರನೆಯದು ಕೆಂಗೇರಿ ಶಾಖೆಯದು: (3.2). ಅದೇ ಹಿರಿಯರು ಮತ್ತೆ ಎದ್ದರು.

"ಇದೇನು, ಕಂಸದೊಳಗೆ ಹಾಕಿದೀರಿ? ಓದಬಾರದ್ದಾ?"

"ಅದು ನಷ್ಟ ಸಾರ್. ಲೆಕ್ಕದಲ್ಲಿ ನಷ್ಟವನ್ನ ಹಾಗೇ ಬರೆಯೋದು."

"ಹುಷಾರಪ್ಪಾ. ಕಂಸನ ಸೆರೆಯಲ್ಲಿ ಹುಟ್ಟಿದ್ದು ಮುಂದೆ ಬಹಳ ದೊಡ್ಡದಾಗಿ ಬೆಳೆಯುತ್ತೆ."

ಚಪ್ಪಾಳೆ ಬಿತ್ತು. ಇಡೀ ಬೆಳಗ್ಗೆ ಹಣಕಾಸಿನ ಬಗ್ಗೆ ಯಾರಾದರೂ ಎಲ್ಲರಿಗೂ ತಿಳಿಯುವಂತೆ ಹೇಳಿದ ಮಾತು ಅದೊಂದೇ, ಹೇಳಿದವನು ನಾನಲ್ಲ.

ಆಮೇಲೆ ಪೈ ಚಾರ್ಟ್. ದುಂಡಗಿನ ಒಬ್ಬಟ್ಟನ್ನು ಹೋಳು ಮಾಡಿ ಲೆಕ್ಕ ತೋರಿಸುವ ಈ ವಿದ್ಯೆಯನ್ನು 1801ರಲ್ಲಿ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು ಅಚ್ಚು ಹಾಕಿಸಿದ. ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾದಲ್ಲೆಷ್ಟು, ಯುರೋಪಿನಲ್ಲೆಷ್ಟು, ಆಫ್ರಿಕದಲ್ಲೆಷ್ಟು ಎಂದು ತೋರಿಸಲು ಆತನಿಗೆ ಮೂರು ಹೋಳು ಸಾಕಾಗಿತ್ತು. ಬಸವೇಶ್ವರನಗರದ ಸಂಘದ ಖರ್ಚಿಗೆ ನಾನು ಹನ್ನೊಂದು ಮಾಡಿದ್ದೆ, ಅದರಲ್ಲಿ ನಾಲ್ಕು ನೀಲಿ. ಮಹಿಳಾ ಸದಸ್ಯರೊಬ್ಬರು ಕೇಳಿದರು, "ಇದರಲ್ಲಿ ನಮಗೆ ಬರೋ ತುಂಡು ಯಾವುದು?" ಯಾವುದೂ ಅಲ್ಲ. ಡಿವಿಡೆಂಡ್ 22ನೇ ಸ್ಲೈಡಿನಲ್ಲಿತ್ತು.

ಒಂದು ತಪ್ಪೊಪ್ಪಿಗೆಯೂ ಇದೆ. ಠೇವಣಿ 41 ಲಕ್ಷದಿಂದ 43 ಲಕ್ಷಕ್ಕೆ ಏರಿತ್ತು. ಸೊನ್ನೆಯಿಂದ ಎಳೆದರೆ ಎರಡೂ ಕಂಬ ಅವಳಿ ಮಕ್ಕಳಂತೆ ಕಾಣುತ್ತಿದ್ದವು. ಹಾಗಾಗಿ 40ರಿಂದ ಎಳೆದೆ. ಒಂದು ಕಂಬ ಒಂದಡಿ, ಇನ್ನೊಂದು ಮೂರಡಿ! ಒಂದೂ ಅಂಕಿ ಸುಳ್ಳಲ್ಲ, ಚಿತ್ರ ಮಾತ್ರ ಪೂರ್ತಿ ಸುಳ್ಳು. ಕಂಪನಿಯಲ್ಲಿ ಕಲಿತ ವಿದ್ಯೆ. ಜನ ನಂಬಿದರು, ಅಧ್ಯಕ್ಷರು ಬೆನ್ನು ತಟ್ಟಿದರು. ಅವತ್ತಿನ ಉಪ್ಪಿಟ್ಟು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ (ರವೆ ಹುರಿದಿರಲಿಲ್ಲ, ಅದೂ ಇರಬಹುದು).

ಅಮೆರಿಕದ ವಾರನ್ ಬಫೆಟ್ ಷೇರುದಾರರಿಗೆ ವಾರ್ಷಿಕ ಪತ್ರ ಬರೆಯುವಾಗ ತನ್ನ ಇಬ್ಬರು ಅಕ್ಕತಂಗಿಯರಾದ ಡೋರಿಸ್ ಮತ್ತು ಬರ್ಟಿಗೆ ಹೇಳುತ್ತಿದ್ದೇನೆಂದು ಕಲ್ಪಿಸಿಕೊಳ್ಳುತ್ತಿದ್ದನಂತೆ. ಅವರು ಜಾಣೆಯರು, ಆದರೆ ಲೆಕ್ಕಶಾಸ್ತ್ರದವರಲ್ಲ. ಓದಿದಾಗ ನನಗೆ ಹೊಳೆಯಿತು: ನನಗೂ ಒಬ್ಬಳು ಅಕ್ಕ ಇದ್ದಾಳೆ, ಕೆಂಗೇರಿ ಉಪನಗರದಲ್ಲಿ. ಈ ವರ್ಷದ ಮಹಾಸಭೆಗೆ ಮುಂಚೆ, ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ವಿಜಯನಗರದಲ್ಲಿ ಮೆಟ್ರೊ ಹತ್ತಿದೆ.

ಅಕ್ಕ ಇಪ್ಪತ್ತು ಜನರ ಚೀಟಿ ನಡೆಸುತ್ತಾಳೆ, ತಿಂಗಳಿಗೆ ತಲಾ 5,000. ಲೆಕ್ಕವೆಲ್ಲ ಕ್ಯಾಲೆಂಡರಿನ ಹಿಂಬದಿಯಲ್ಲಿ. ನಾನು ಹೋದಾಗ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಲಕ್ಷದ ಚೀಟೀನ ಈ ಸಲ ಹನ್ನೆರಡು ಸಾವಿರ ಬಿಟ್ಟುಕೊಟ್ಟು ಎತ್ತಿದ್ರು ಕಣ್ರೀ. ನಿಮಗೆ ಆರುನೂರು ಉಳೀತು, ನಾಲ್ಕು ಸಾವಿರದ ನಾನೂರು ತನ್ನಿ." ಮುಗಿಯಿತು. ಹರಾಜು, ಲಾಭಾಂಶ, ಕಟ್ಟಬೇಕಾದ ಮೊತ್ತ, ಎಲ್ಲ ಎರಡೇ ವಾಕ್ಯ. ಸ್ಲೈಡೂ ಇಲ್ಲ, ಕಂಸವೂ ಇಲ್ಲ.

ಮೆಂತ್ಯ ಸೊಪ್ಪು ಬಿಡಿಸುತ್ತಾ ನನ್ನ 24 ಸ್ಲೈಡನ್ನೂ ನೋಡಿದಳು. ಕೊನೆಗೆ ಕೇಳಿದಳು:

"ಅಲ್ವೋ, ಸಾಲ ತಗೊಂಡೋರಲ್ಲಿ ಎಷ್ಟು ಜನ ಕಟ್ಟಿಲ್ಲ?"

"ಅದು 19ರಲ್ಲಿ ಇತ್ತಲ್ಲಕ್ಕ. 'ಸುಸ್ತಿ ಬಾಕಿ' ಅಂತ."

"ಕಾಣ್ಲಿಲ್ಲ. ಜನಕ್ಕೆ ತಮ್ಮ ದುಡ್ಡು ವಾಪಸ್ ಬರುತ್ತೋ ಇಲ್ವೋ ಅನ್ನೋದೇ ಮೊದಲು. ಅದನ್ನ ಮುಂದಕ್ಕೆ ತಾ. ಉಳಿದದ್ದನ್ನ ತಿಂಡಿ ತಿನ್ನೋವಾಗ ಹೇಳು."

ಮನೆಗೆ ಬಂದವನೇ ಕುಳಿತು ತಿದ್ದಿದೆ. ಸುಸ್ತಿ ಬಾಕಿ ಒಂದನೇ ಸ್ಲೈಡಿಗೆ ಬಂತು, ದಪ್ಪ ಅಕ್ಷರದಲ್ಲಿ: ನೂರು ರೂಪಾಯಿ ಸಾಲ ಕೊಟ್ಟರೆ ಹನ್ನೊಂದು ರೂಪಾಯಿ ಹೊತ್ತಿಗೆ ಬಂದಿಲ್ಲ. ಕಂಬಗಳನ್ನು ಸೊನ್ನೆಯಿಂದ ಎಳೆದೆ. ಒಟ್ಟು ಐದು ಸ್ಲೈಡಾಯಿತು. ಅಧ್ಯಕ್ಷರಿಗೆ ವಾಟ್ಸ್‌ಆ್ಯಪ್ ಮಾಡಿದೆ. ಎರಡು ನೀಲಿ ಗೀಟು ಬಿದ್ದವು. ಹತ್ತು ನಿಮಿಷಕ್ಕೆ ಫೋನ್ ಬಂತು.

"ಬಹಳ ಚೆನ್ನಾಗಿ ಮಾಡಿದೀರಿ ಸಾರ್. ಆದರೆ ನೋಡಿ, ಈ ಸಲ ಪ್ರೊಜೆಕ್ಟರ್ ಬೇಡ ಅಂತ ಆಡಳಿತ ಮಂಡಳೀಲಿ ತೀರ್ಮಾನ ಆಗಿದೆ. ಬಾಡಿಗೆ ಜಾಸ್ತಿಯಾಯ್ತು. ಕಾರ್ಯದರ್ಶಿಗಳೇ ಓದ್ತಾರೆ."